ಸೊನ್ನೆ ಹೋಗಿ ‘ಓ’ ಬಂದಾಗ: ಕಾರು ವಿಮೆಯ ತಪ್ಪು, ಗೊಂದಲ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ತರೀಕೆರೆ ದಾಟಿ ಶಿವಮೊಗ್ಗದ ಕಡೆ ಬರುತ್ತಿದ್ದೆ. ಮುಸ್ಸಂಜೆ ಹೊತ್ತು. ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಪುಣ್ಯಕ್ಕೆ ಎಮ್ಮೆ ಎದ್ದು ಹೋಯಿತು. ನನ್ನ ಕಾರಿನ ಬಂಪರ್, ಬಾನೆಟ್, ಮುಂದಿನ ಗಾಜು ಮೂರೂ ಹೋದವು. ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು. ಎರಡು ದಿನ ಬಿಟ್ಟು ಫೋನ್ ಬಂತು. "ಸಾರ್, ಪಾಲಿಸಿಯಲ್ಲಿರೋ ಚಾಸಿಸ್ ನಂಬರೂ ಗಾಡಿ ಮೇಲಿರೋದೂ ಮ್ಯಾಚ್ ಆಗ್ತಿಲ್ಲ. ಕ್ಲೈಮ್ ಹೋಲ್ಡ್‌ನಲ್ಲಿದೆ."

ಚಾಸಿಸ್ ನಂಬರ್ ಎಂದರೆ ಕಾರಿನ ಮೇಲೆ ಕೆತ್ತಿರುವ ಗುರುತಿನ ಸಂಖ್ಯೆ. ನೋಡಿದರೆ ಪಾಲಿಸಿಯಲ್ಲಿ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ ‘ಓ’ ಅಕ್ಷರ ಕೂತಿತ್ತು. ಟೈಪ್ ಮಾಡಿದ್ದು ಕಂಪನಿಯವರು. ಆದರೆ ಆ ಪಾಲಿಸಿ ನನ್ನ ಮೇಲ್‌ನಲ್ಲಿ ಏಳು ತಿಂಗಳಿಂದ ಇತ್ತು, ನಾನು ಒಮ್ಮೆಯೂ ತೆರೆದು ಓದಿರಲಿಲ್ಲ. ಆಮೇಲೆ ಒಂದೂವರೆ ತಿಂಗಳು ಓಡಾಡಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕಾರು ಗ್ಯಾರೇಜಿನಲ್ಲಿ ನಿಂತ ಮೇಲೆ ಇದನ್ನು ಓದುವವರು ನೇರವಾಗಿ ಐದನೇ ಹಂತಕ್ಕೆ ಹೋಗಿ. ಉಳಿದವರು ಮೊದಲಿಂದ ಬನ್ನಿ.

ಹಂತ 1: ಪೂರ್ತಿ ಪಾಲಿಸಿಯನ್ನು ಕೈಗೆ ತೆಗೆದುಕೊಳ್ಳಿ

ನಮ್ಮಲ್ಲಿ ಬಹಳ ಜನ ಪಾಲಿಸಿ ಅಂದುಕೊಂಡಿರುವುದು ಎರಡು ಮೂರು ಪುಟದ ಶೆಡ್ಯೂಲನ್ನು. ಪೊಲೀಸರು ಕೇಳಿದಾಗ ತೋರಿಸುವುದೂ ಅದನ್ನೇ. ಅದು ಪಾಲಿಸಿಯ ಮುಖಪುಟ ಮಾತ್ರ. ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ಬರೆದಿರುವುದು ಪಾಲಿಸಿ ವರ್ಡಿಂಗ್ ಎನ್ನುವ ಬೇರೆ ಪುಸ್ತಿಕೆಯಲ್ಲಿ. ಆ್ಯಡ್-ಆನ್ (ಹೆಚ್ಚಿಗೆ ಹಣ ಕೊಟ್ಟು ಸೇರಿಸುವ ರಕ್ಷಣೆ) ತೆಗೆದುಕೊಂಡಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಷರತ್ತುಗಳಿರುತ್ತವೆ.

ಇವನ್ನು ಹುಡುಕಲು ಒಂದು ಸುಲಭ ದಾರಿ ಇದೆ. ಶೆಡ್ಯೂಲಿನಲ್ಲಿ ಸಣ್ಣಕ್ಷರದಲ್ಲಿ ಯುಐಎನ್ ಎಂಬ ಸಂಖ್ಯೆ ಇರುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ ಪ್ರತಿ ಬಗೆಯ ಪಾಲಿಸಿಗೂ ಪ್ರತಿ ಆ್ಯಡ್-ಆನ್‌ಗೂ ಕೊಡುವ ಗುರುತು ಅದು. ಕಂಪನಿಯ ಜಾಲತಾಣದಲ್ಲಿ ಅದೇ ಯುಐಎನ್ ಇರುವ ವರ್ಡಿಂಗನ್ನೇ ಇಳಿಸಿಕೊಳ್ಳಿ. ಹೆಸರು ನೋಡಿ ಇಳಿಸಿಕೊಂಡರೆ ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಇದರ ಜೊತೆಗೆ ಪ್ರಪೋಸಲ್ ಫಾರಂ, ಅಂದರೆ ವಿಮೆಗೆ ಹಾಕಿದ ಅರ್ಜಿಯ ಪ್ರತಿ ಕೇಳಿ. ನಿಮ್ಮ ಹೆಸರಿನಲ್ಲಿ ಏಜೆಂಟ್ ಏನೇನು ತುಂಬಿದ್ದಾರೆ ಎನ್ನುವುದು ಅದರಲ್ಲಿರುತ್ತದೆ. ಗ್ರಾಹಕ ಮಾಹಿತಿ ಪತ್ರವನ್ನೂ ಕೇಳಿ. ಪಾಲಿಸಿಯ ಮುಖ್ಯ ಅಂಶಗಳನ್ನು ಸರಳವಾಗಿ ಬರೆದ ಆ ಹಾಳೆಯನ್ನು ಕಂಪನಿಗಳು ಕೊಡಲೇಬೇಕು.

ಹಂತ 2: ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ

ಸುಮ್ನೆ ಕಣ್ಣಾಡಿಸಿದರೆ ಆಗುವುದಿಲ್ಲ. ಮನೆಯಲ್ಲಿ ಯಾರಾದರೂ ಆರ್‌ಸಿ (ಕಾರಿನ ನೋಂದಣಿ ಪತ್ರ) ಓದಲಿ, ನೀವು ಪಾಲಿಸಿಯಲ್ಲಿ ಬೆರಳಿಟ್ಟು ಹೋಗಿ. ಹತ್ತು ನಿಮಿಷದ ಕೆಲಸ.

ಮೊದಲು ಚಾಸಿಸ್ ನಂಬರ್. ಈಗಿನ ಕಾರುಗಳಲ್ಲಿ ಅದು ಒಟ್ಟು 17 ಅಕ್ಷರ ಮತ್ತು ಅಂಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲಿ ಎಂದೇ ಹಾಗೆ ಮಾಡಿದ್ದಾರೆ. ನಿಮ್ಮ ಪಾಲಿಸಿಯಲ್ಲಿ ಈ ಮೂರರಲ್ಲಿ ಒಂದು ಕಂಡರೂ ತಪ್ಪಾಗಿದೆ ಎಂದೇ ಅರ್ಥ. ನನಗೆ ಇದು ಮೊದಲೇ ಗೊತ್ತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಆಮೇಲೆ ಎಂಜಿನ್ ನಂಬರ್, ನೋಂದಣಿ ಸಂಖ್ಯೆ, ಹೆಸರು, ತಯಾರಾದ ವರ್ಷ, ಇಂಧನ, ಸಿಸಿ, ಸೀಟುಗಳ ಸಂಖ್ಯೆ. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಇರಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಹೈಪೊಥಿಕೇಶನ್ (ಕಾರಿನ ಮೇಲೆ ಸಾಲ ಇದೆ ಎಂಬ ನಮೂದು) ಎರಡೂ ಕಡೆ ತೆಗೆಸಿ. ಇಲ್ಲದಿದ್ದರೆ ಕಾರು ಪೂರ್ತಿ ನಷ್ಟವಾದಾಗ ಚೆಕ್ಕು ಬ್ಯಾಂಕಿನ ಹೆಸರಿಗೆ ಹೋಗಿ ಕೂರುತ್ತದೆ.

ಐಡಿವಿ ಎಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ. ಕಾರಿನ ಬೆಲೆಯಿಂದ 6 ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡರವರೆಗೆ ಶೇ. 20, ಮೂರರವರೆಗೆ ಶೇ. 30, ನಾಲ್ಕರವರೆಗೆ ಶೇ. 40, ಐದರವರೆಗೆ ಶೇ. 50 ಕಳೆಯುವುದು ರೂಢಿಯ ಲೆಕ್ಕ. ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನು ಇಳಿಸುವುದುಂಟು. ಸಾವಿರ ರೂಪಾಯಿ ಉಳಿಯಿತು ಎಂದು ಖುಷಿಪಡುವ ಮೊದಲು ಅದನ್ನು ನೋಡಿ.

ಇನ್ನು ಎನ್‌ಸಿಬಿ, ಅಂದರೆ ನೋ ಕ್ಲೈಮ್ ಬೋನಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಲೈಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಮುಂದೆ 25, 35, 45, ಐದನೇ ವರ್ಷಕ್ಕೆ 50 ರಿಯಾಯಿತಿ ಸಿಗುತ್ತದೆ. ಇದು ನಿಮ್ಮ ಕಾರಿನ ಹಾನಿಯ ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ) ಪ್ರೀಮಿಯಂಗೆ ಅಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಎಲ್ಲ ಹೋಯಿತು. ಹೋದ ವರ್ಷ ನೀವು ಕ್ಲೈಮ್ ಮಾಡಿದ್ದರೂ ಏಜೆಂಟ್ ಎನ್‌ಸಿಬಿ ಹಾಕಿ ಕಡಿಮೆ ದರ ತೋರಿಸಿದರು ಅಂದುಕೊಳ್ಳಿ. ಆ ಹೊತ್ತಿಗೆ ಲಾಭ ಅನಿಸುತ್ತದೆ. ಮುಂದೆ ಕ್ಲೈಮ್ ಬಂದಾಗ ಅದು ನೀವೇ ಕೊಟ್ಟ ಸುಳ್ಳು ಮಾಹಿತಿ ಆಗಿಬಿಡುತ್ತದೆ. ನಿಮಗೆ ಲಾಭವಾಗುವ ತಪ್ಪನ್ನೂ ಬರೆದು ತಿಳಿಸಿ, ವ್ಯತ್ಯಾಸದ ಹಣ ಕಟ್ಟಿ. ನಾನು ಕಂಡಂತೆ ಜನ ಹೆಚ್ಚು ಕಳೆದುಕೊಳ್ಳುವುದು ಈ ಒಂದು ಸಾಲಿನಲ್ಲೇ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿ ಬದಲಾಯಿಸಿ ಸುಮ್ಮನಾಗುತ್ತಾರೆ. ಥರ್ಡ್ ಪಾರ್ಟಿ ವಿಮೆ ಕಾರಿನ ಜೊತೆ ತಾನಾಗಿ ಬರುತ್ತದೆ. ಕಾರಿನ ಹಾನಿಯ ವಿಮೆ ಹಾಗೆ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ಎನ್‌ಸಿಬಿ ಅವರದೇ, ನಿಮಗೆ ಸೇರುವುದಿಲ್ಲ.

ಹಂತ 3: ತಪ್ಪು ಕಂಡರೆ ಎಂಡಾರ್ಸ್‌ಮೆಂಟ್ ಬರೆಸಿಕೊಳ್ಳಿ

ಎಂಡಾರ್ಸ್‌ಮೆಂಟ್ ಎಂದರೆ ಪಾಲಿಸಿಗೆ ಕಂಪನಿ ಬರೆದುಕೊಡುವ ತಿದ್ದುಪಡಿ. ಏಜೆಂಟಿಗೆ ಫೋನ್ ಮಾಡಿದರೆ "ಮಾಡಿಸ್ತೀನಿ ಬಿಡಿ ಸಾರ್" ಎನ್ನುತ್ತಾರೆ. ಮಾಡಿಸಲೂಬಹುದು. ಆದರೆ ಕ್ಲೈಮ್ ದಿನ ಆ ಮಾತು ಯಾವ ಕಾಗದದಲ್ಲೂ ಇರುವುದಿಲ್ಲ. ಕಂಪನಿಯ ಗ್ರಾಹಕ ಸೇವಾ ವಿಳಾಸಕ್ಕೆ ನೀವೇ ಮೇಲ್ ಕಳಿಸಿ, ಏಜೆಂಟಿಗೆ ಪ್ರತಿ ಹಾಕಿ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನನ್ನ ಪಾಲಿಸಿ ಸಂಖ್ಯೆ ಇಂಥದ್ದು. ಶೆಡ್ಯೂಲಿನ ಮೊದಲ ಪುಟದಲ್ಲಿ ಚಾಸಿಸ್ ನಂಬರಿನ 12ನೇ ಸ್ಥಾನದಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ಬಂದಿದೆ. ಆರ್‌ಸಿ ಪ್ರತಿ ಮತ್ತು ಕಾರಿನ ಮೇಲಿರುವ ಚಾಸಿಸ್ ನಂಬರಿನ ಫೋಟೊ ಜೊತೆಗಿದೆ. ಪಾಲಿಸಿ ಶುರುವಾದ ದಿನದಿಂದಲೇ ಅನ್ವಯವಾಗುವಂತೆ ಎಂಡಾರ್ಸ್‌ಮೆಂಟ್ ಮಾಡಿಕೊಡಿ. ಈ ಮನವಿಯ ಸಂಖ್ಯೆಯನ್ನು ತಿಳಿಸಿ."

ಕೋಪ ಬೇಡ, ಕಥೆ ಬೇಡ. ಒಂದು ಮೇಲ್‌ನಲ್ಲಿ ಒಂದೇ ತಪ್ಪು ಇರಲಿ. ಮೂರು ವಿಷಯ ಬರೆದರೆ ಒಂದಕ್ಕೆ ಉತ್ತರ ಕೊಟ್ಟು ದೂರನ್ನು ಮುಚ್ಚಿಬಿಡುತ್ತಾರೆ.

ಎಂಡಾರ್ಸ್‌ಮೆಂಟ್ ಬಂದಾಗ ಅದರ ಮೇಲಿನ ದಿನಾಂಕ ನೋಡಿ. ಯಾವತ್ತಿನಿಂದ ಅನ್ವಯ ಎಂದು ಬರೆದಿದ್ದಾರೆ ಎನ್ನುವುದು ಮುಖ್ಯ. ತಪ್ಪು ಅವರದಾದರೆ ಶುರುವಿನ ದಿನದಿಂದಲೇ ಇರಬೇಕು, ಅದಕ್ಕೆ ಶುಲ್ಕವನ್ನೂ ಕೇಳಬಾರದು. ಕೇಳಿದರೆ "ನನ್ನ ಪ್ರಪೋಸಲ್ ಫಾರಂನಲ್ಲಿ ಸರಿಯಾಗಿಯೇ ಇದೆ, ಪ್ರತಿ ಲಗತ್ತಿಸಿದ್ದೇನೆ" ಎಂದು ಬರೆಯಿರಿ. ಒಂದನೇ ಹಂತದಲ್ಲಿ ಆ ಫಾರಂ ಕೇಳಿ ಅಂದದ್ದು ಇದಕ್ಕೇ.

ಪಾಲಿಸಿಯೇ ಬೇಡ ಅನಿಸಿದರೆ ಕಾರಣ ಹೇಳದೆ ರದ್ದು ಮಾಡಿಸಬಹುದು. 2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಒಂದು ವರ್ಷದ ಪಾಲಿಸಿಯಲ್ಲಿ ಕ್ಲೈಮ್ ಆಗಿರದಿದ್ದರೆ ಉಳಿದ ದಿನಗಳ ಪ್ರೀಮಿಯಂ ವಾಪಸ್ ಸಿಗಬೇಕು. ಆದರೆ ಬೇರೆ ಪಾಲಿಸಿ ಕೈಗೆ ಬಂದ ಮೇಲೆ ರದ್ದು ಮಾಡಿಸಿ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಒಂದು ದಿನ ರಸ್ತೆಗಿಳಿದರೂ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಜೈಲಿಗೂ ಅವಕಾಶವಿದೆ.

ಹಂತ 4: ಅರ್ಥವಾಗದ ಷರತ್ತಿಗೆ ಘಟನೆ ಹೇಳಿ ಉತ್ತರ ಕೇಳಿ

"ಈ ಷರತ್ತಿನ ಅರ್ಥವೇನು?" ಎಂದು ಕೇಳಿದರೆ ಅದೇ ಸಾಲನ್ನು ಕಾಪಿ ಮಾಡಿ ಕಳಿಸುತ್ತಾರೆ. ಹಾಗೆ ಕೇಳಬೇಡಿ. ಒಂದು ಘಟನೆಯನ್ನು ಮುಂದಿಡಿ. "ಮಳೆಯಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿ, ನಿಂತಿದ್ದ ಕಾರಿನ ಎಂಜಿನ್‌ಗೆ ನೀರು ಹೋದರೆ ರಿಪೇರಿ ಖರ್ಚು ಸಿಗುತ್ತದೆಯೇ? ಹೌದು ಅಥವಾ ಇಲ್ಲ ಎಂದು, ಷರತ್ತಿನ ಸಂಖ್ಯೆ ಸಮೇತ ತಿಳಿಸಿ." ಇಂಥ ಪ್ರಶ್ನೆಗೆ ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಜೋಪಾನ ಮಾಡಿ.

ನೀರಿನ ಉದಾಹರಣೆ ಸುಮ್ನೆ ಕೊಟ್ಟದ್ದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ಕಾರುಗಳು ಮುಳುಗಿ ನಿಂತದ್ದು ನೆನಪಿರಬೇಕಲ್ವಾ? ಪ್ರವಾಹದ ಹಾನಿ ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೇ (ಥರ್ಡ್ ಪಾರ್ಟಿ, ನಿಮ್ಮ ಕಾರಿನ ಹಾನಿ ಎರಡೂ ಇರುವಂಥದ್ದು) ಸೇರಿದೆ. ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಕೇಳಬಹುದು. ಆದರೆ ನೀರು ಹೊಕ್ಕ ಎಂಜಿನ್ ಸ್ಟಾರ್ಟ್ ಮಾಡಿ ಸೀಜ್ ಆದರೆ, "ಇದು ನೀರಿನಿಂದ ನೇರವಾಗಿ ಆದ ಹಾನಿಯಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆಮೇಲೆ ಆದದ್ದು" ಎನ್ನುತ್ತಾರೆ. ಪಾಲಿಸಿಯ ಭಾಷೆಯಲ್ಲಿ ಅದು ಕಾನ್ಸಿಕ್ವೆನ್ಷಿಯಲ್ ಲಾಸ್. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇಲ್ಲದಿದ್ದರೆ ವಾದ ಕಷ್ಟ. ಕಾರು ನೀರಿನಲ್ಲಿ ನಿಂತಿತ್ತೇ? ಕೀ ತಿರುಗಿಸಲೇಬೇಡಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತಿನ ಫೋಟೊ ತೆಗೆದು, ಟೋಯಿಂಗ್ ಗಾಡಿ ಕರೆಸಿ.

ಜೀರೋ ಡೆಪ್ ಅಥವಾ ಬಂಪರ್ ಟು ಬಂಪರ್ ಎಂದರೆ ಪೂರ್ತಿ ಬಿಲ್ ಸಿಗುತ್ತದೆ ಎಂಬ ನಂಬಿಕೆ ಇದೆ. ಇಲ್ಲ. ಬಿಡಿಭಾಗಗಳ ಸವಕಳಿ, ಅಂದರೆ ಭಾಗ ಹಳೆಯದಾಯಿತು ಎಂದು ಇಳಿಸುವ ಬೆಲೆ, ಅದನ್ನು ಮಾತ್ರ ಕಳೆಯುವುದಿಲ್ಲ. ಕಡ್ಡಾಯವಾಗಿ ನೀವು ಕೊಡುವ ಪಾಲು ಹಾಗೇ ಇರುತ್ತದೆ. ಆಯಿಲ್, ನಟ್ಟು, ಬೋಲ್ಟು, ಕೂಲಂಟ್ ಬೇಕಾದರೆ ಕನ್ಸ್ಯೂಮಬಲ್ಸ್ ಎಂಬ ಬೇರೆ ಆ್ಯಡ್-ಆನ್ ಬೇಕು. ವರ್ಷಕ್ಕೆ ಎಷ್ಟು ಕ್ಲೈಮ್ ಎಂಬ ಮಿತಿಯೂ ಇರಬಹುದು. ಇದನ್ನು ತಪ್ಪದೆ ಕೇಳಿ.

ಇನ್ನೊಂದು, ಬಳಕೆಯ ಷರತ್ತು. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಕೊಟ್ಟಾಗ ಅಪಘಾತವಾದರೆ ನಿಮ್ಮ ಕಾರಿನ ಹಾನಿಗೆ ಹಣ ಸಿಗುವುದು ಬಲು ಕಷ್ಟ. ಮದುವೆ ಸೀಸನ್‌ನಲ್ಲಿ ಪರಿಚಯದವರಿಗೆ "ಡೀಸೆಲ್ ಹಾಕಿಸಿ, ಏನಾದ್ರೂ ಕೊಡಿ" ಎಂದು ಕೊಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲಿ ಷರತ್ತಿನಲ್ಲಿ ಗೊಂದಲವೇನೂ ಇಲ್ಲ, ನಾವು ಓದಿರುವುದಿಲ್ಲ ಅಷ್ಟೆ.

ನಿಜವಾಗಿಯೂ ಎರಡು ಅರ್ಥ ಬರುವ ಸಾಲಾದರೆ ಕಾನೂನು ನಿಮ್ಮ ಕಡೆ ಇದೆ. ಪಾಲಿಸಿ ಬರೆದದ್ದು ಕಂಪನಿ, ನೀವಲ್ಲ. ಹಾಗಾಗಿ ಅಸ್ಪಷ್ಟ ಮಾತನ್ನು ಬರೆದವರ ವಿರುದ್ಧವೇ ಓದಬೇಕು ಎನ್ನುವುದು ನಮ್ಮ ಕೋರ್ಟುಗಳು ಬಹಳ ಕಾಲದಿಂದ ಒಪ್ಪಿರುವ ನಿಯಮ. ಗ್ರಾಹಕನಿಗೆ ತಿಳಿಸದೇ ಇದ್ದ ಹೊರಗಿಡುವ ಷರತ್ತನ್ನು ಅವನ ಮೇಲೆ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಸ್ಪಷ್ಟವಾಗಿ ಬರೆದದ್ದನ್ನು ಅಸ್ಪಷ್ಟ ಎಂದು ವಾದಿಸಲು ಹೋಗಬೇಡಿ. ನಡೆಯುವುದಿಲ್ಲ.

ಹಂತ 5: ಕ್ಲೈಮ್ ಹೊತ್ತಿನಲ್ಲಿ ಲೆಕ್ಕ ನೀವೇ ಹಾಕಿ

ಘಟನೆ ಆದ ಕೂಡಲೇ ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ಪಡೆಯಿರಿ. ಸರ್ವೇ ಆಗುವ ಮೊದಲು ರಿಪೇರಿ ಶುರು ಮಾಡಿಸಬೇಡಿ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಸುತ್ತೋಲೆಯಲ್ಲಿ ಗಡುವುಗಳಿವೆ. 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ತೀರ್ಮಾನ. ಕಾಗದಪತ್ರ ಸಾಲದು ಎಂಬ ಒಂದೇ ಕಾರಣಕ್ಕೆ ಕ್ಲೈಮ್ ತಿರಸ್ಕರಿಸುವಂತಿಲ್ಲ ಎಂದೂ ಇದೆ. ಮೇಲ್ ಬರೆಯುವಾಗ ಈ ಗಡುವುಗಳನ್ನು ಹೆಸರಿಸಿ. ಉತ್ತರ ಬೇಗ ಬರುತ್ತದೆ.

ಸರ್ವೇ ವರದಿ ಮತ್ತು ಅಸೆಸ್‌ಮೆಂಟ್ ಶೀಟ್ ಎರಡನ್ನೂ ಬರವಣಿಗೆಯಲ್ಲಿ ಕೇಳಿ. ಯಾವ ಭಾಗಕ್ಕೆ ಎಷ್ಟು ಕಳೆದಿದ್ದಾರೆ ಎನ್ನುವುದು ಅಸೆಸ್‌ಮೆಂಟ್ ಶೀಟಿನಲ್ಲಿ ಇರುತ್ತದೆ. ನನ್ನ ಲೆಕ್ಕವನ್ನೇ ನೋಡಿ. ಮೂರೂವರೆ ವರ್ಷದ, 1197 ಸಿಸಿ ಕಾರು. ಆ ವರ್ಷ ದುಡ್ಡು ಉಳಿಸಲು ಜೀರೋ ಡೆಪ್ ಬಿಟ್ಟಿದ್ದೆ. ತೆರಿಗೆ ಬಿಟ್ಟು ಬಿಲ್ 43,000 ರೂಪಾಯಿ.

ಬಂಪರ್ 12,000. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಶೇ. 50 ಸವಕಳಿ, ಸಿಗುವುದು 6,000. ಬಾನೆಟ್ 10,000. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ ಕಳೆಯುತ್ತಾರೆ, ಮೂರರಿಂದ ನಾಲ್ಕು ವರ್ಷಕ್ಕೆ ಶೇ. 25. ಸಿಗುವುದು 7,500. ಗಾಜಿಗೆ ಸವಕಳಿ ಇಲ್ಲ, ಪೂರ್ತಿ 8,000. ಕೂಲಿ 5,000, ಅದೂ ಪೂರ್ತಿ. ಉಳಿದದ್ದು ಪೇಂಟಿಂಗ್, 8,000. ಅಂಗಡಿಯವರು ಬಣ್ಣ ಮತ್ತು ಕೂಲಿ ಸೇರಿಸಿ ಒಂದೇ ಬಿಲ್ ಕೊಟ್ಟಾಗ ಅದರ ಶೇ. 25 ಮಾತ್ರ ಬಣ್ಣದ ಬೆಲೆ ಎಂದು ಹಿಡಿದು, ಅಷ್ಟರ ಮೇಲೆ ಶೇ. 50 ಕಳೆಯಬೇಕು. ಅಂದರೆ 2,000ದ ಅರ್ಧ, 1,000. ಸಿಗಬೇಕಾದ್ದು 7,000. ಒಟ್ಟು 33,500. ಅದರಲ್ಲಿ ಕಡ್ಡಾಯ ಪಾಲು 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ನನಗೆ ಬರಬೇಕಾದ್ದು 32,500.

ಕಂಪನಿ ಒಪ್ಪಿದ್ದು 28,500. ಶೀಟ್ ತರಿಸಿ ನೋಡಿದರೆ ಪೇಂಟಿಂಗ್ ಪೂರ್ತಿ ಬಿಲ್ಲಿನ ಮೇಲೆ ಶೇ. 50 ಕಳೆದಿದ್ದರು. ಕಡ್ಡಾಯ ಪಾಲು 2,000 ಹಾಕಿದ್ದರು. ನಾಲ್ಕು ಸಾಲಿನ ಮೇಲ್, ಜೊತೆಗೆ ಆರ್‌ಸಿಯ ಸಿಸಿ ಇರುವ ಭಾಗದ ಫೋಟೊ. ಅಷ್ಟು ಸಾಕಾಯಿತು. ಫೋನಿನಲ್ಲಿ ಅದಕ್ಕೂ ಮೊದಲು ಆರು ಸಲ ಮಾತಾಡಿದ್ದೆ, ಒಂದು ಪೈಸೆ ಕದಲಿರಲಿಲ್ಲ.

ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. ಆ ಗಡಿಯ ಹತ್ತಿರ ಇರುವಾಗ, ಖರ್ಚು ಗಡಿ ದಾಟದಿರಲಿ ಎಂದು ಅಂದಾಜು ಪಟ್ಟಿಯಿಂದ ಭಾಗಗಳು ಮಾಯವಾಗುತ್ತಿವೆಯೇ ನೋಡಿಕೊಳ್ಳಿ.

ಕಾರು ಕಳುವಾದರೆ ಮೊದಲು ಪೊಲೀಸ್ ಠಾಣೆ, ಅದೇ ದಿನ ಎಫ್‌ಐಆರ್. ಆಮೇಲೆ ಕಂಪನಿ. ಎಫ್‌ಐಆರ್ ತಕ್ಷಣ ಆಗಿದ್ದರೆ ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಕಾರಣಕ್ಕೇ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಾರು ಸಿಗದಿದ್ದರೆ, ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ಸಿ ರಿಪೋರ್ಟ್ ಬೇಕಾಗುತ್ತದೆ. ಎರಡೂ ಕೀ ಕೇಳುತ್ತಾರೆ, ಒಂದು ಕಳೆದಿದ್ದರೆ ಮೊದಲೇ ಬರೆದು ಹೇಳಿ.

ಹಣ ಕೊಡುವಾಗ "ಪೂರ್ಣ ಮತ್ತು ಅಂತಿಮ ಪರಿಹಾರ" ಎಂಬ ವೋಚರ್‌ಗೆ ಸಹಿ ಕೇಳಿದರೆ ಅವಸರ ಬೇಡ. ಲೆಕ್ಕ ಒಪ್ಪಿಗೆ ಇಲ್ಲದಿದ್ದರೆ "ಆಕ್ಷೇಪ ಉಳಿಸಿಕೊಂಡು ಪಡೆದಿದ್ದೇನೆ" ಎಂದು ಬರೆದೇ ಸಹಿ ಹಾಕಿ.

ಹಂತ 6: ಇಲ್ಲ ಅಂದರೆ ಕಾರಣವನ್ನು ಕಾಗದದಲ್ಲಿ ಕೇಳಿ

"ರಿಜೆಕ್ಟ್ ಆಗಿದೆ" ಎಂಬ ಮೆಸೇಜು ಸಾಲದು. ಯಾವ ಷರತ್ತಿನ ಪ್ರಕಾರ ಎಂದು ಪತ್ರ ಕೊಡಬೇಕು. ಈ ಪತ್ರಕ್ಕೆ ತುಂಬಾ ಬೆಲೆ ಇದೆ. ಅದರಲ್ಲಿಲ್ಲದ ಹೊಸ ಕಾರಣವನ್ನು ಕಂಪನಿ ಮುಂದೆ ಕೋರ್ಟಿನಲ್ಲಿ ಎತ್ತುವಂತಿಲ್ಲ ಎಂದು 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಬರೆದ ಕಾರಣಕ್ಕೆ ಮಾತ್ರ ನೀವು ಉತ್ತರ ಕೊಟ್ಟರೆ ಆಯಿತು.

ಎದುರಿನವರಿಗೆ ಗಾಯವಾಗಿ ಅವರು ಪರಿಹಾರ ಕೇಳಿದ್ದರೆ ಅದು ಬೇರೆ ದಾರಿ. ಅದು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗುತ್ತದೆ. ಸಮನ್ಸ್ ಬಂದ ದಿನವೇ ಎಲ್ಲ ಕಾಗದ ಕಂಪನಿಗೆ ಕಳಿಸಿ. ನೀವಾಗಿಯೇ ರಾಜಿ ಮಾಡಿಕೊಳ್ಳಬೇಡಿ.

ಹಂತ 7: ದೂರಿನ ಮೆಟ್ಟಿಲುಗಳು

ಮೊದಲು ಕಂಪನಿಯಲ್ಲಿ ದೂರು ವಿಚಾರಿಸುವ ಗ್ರೀವನ್ಸ್ ಆಫೀಸರ್. ಹೆಸರು, ಮೇಲ್ ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ಎರಡು ವಾರ ಕಾದು ನೋಡಿ. ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಫೋನ್ ಮಾಡಿ. ಅಲ್ಲಿ ಯಾರೂ ತೀರ್ಪು ಕೊಡುವುದಿಲ್ಲ. ಆದರೆ ನಿಯಂತ್ರಕರ ಕಣ್ಣಿಗೆ ಬಿದ್ದ ದೂರು ಎಂದಾಗ ಕಂಪನಿಯೊಳಗೆ ಕಡತ ಬೇರೆ ಮೇಜಿಗೆ ಹೋಗುತ್ತದೆ.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪಿಗೆಯಿಲ್ಲ ಎಂದಾದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ಆದೇಶ ಕೊಡುವ ಅಧಿಕಾರಿ. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡುವ ಅಧಿಕಾರ ಇದೆ. ಕಂಪನಿ ಇಲ್ಲ ಎಂದ ಒಂದು ವರ್ಷದೊಳಗೆ ಹೋಗಬೇಕು. ಒಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. 30 ದಿನದಲ್ಲಿ ಕಂಪನಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಕೊಡಬೇಕು. ಆದೇಶ ನಿಮಗೆ ಹಿಡಿಸದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ತೆರೆದೇ ಇರುತ್ತದೆ. ಆದರೆ ಉಲ್ಟಾ ಮಾಡಬೇಡಿ. ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದ ವಿಷಯವನ್ನು ಒಂಬುಡ್ಸ್‌ಮನ್ ಮುಟ್ಟುವುದಿಲ್ಲ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಕಾರಿನ ಬೆಲೆಯಲ್ಲ, ಕಟ್ಟಿದ ಪ್ರೀಮಿಯಂ. ಹಾಗಾಗಿ ನಮ್ಮಂಥವರಿಗೆಲ್ಲ ಸೊನ್ನೆಯೇ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಸಮಯ ಮಾತ್ರ ಹಿಡಿಯುತ್ತದೆ. ಚಿಕ್ಕ ಮೊತ್ತಕ್ಕೆ ಒಂಬುಡ್ಸ್‌ಮನ್ ವಾಸಿ ಎಂದು ನನ್ನ ಅನಿಸಿಕೆ.

ಎಲ್ಲಿಗೇ ಹೋದರೂ ಒಂದು ಪುಟದ ದಿನಾಂಕ ಪಟ್ಟಿ ಇಟ್ಟುಕೊಳ್ಳಿ. ಯಾವತ್ತು ಏನಾಯಿತು, ಯಾರಿಗೆ ಮೇಲ್ ಹೋಯಿತು, ಏನು ಉತ್ತರ ಬಂತು, ಅಷ್ಟೇ. ಫೋನ್ ಕರೆ ಮುಗಿದ ಮೇಲೂ "ಈಗ ತಾವು ಫೋನಿನಲ್ಲಿ ಹೇಳಿದ್ದು ಇಂತಿದೆ" ಎಂದು ಎರಡು ಸಾಲು ಮೇಲ್ ಹಾಕಿಬಿಡಿ. ಅವರು ಇಲ್ಲ ಅನ್ನದಿದ್ದರೆ ಅದೂ ಒಂದು ದಾಖಲೆ.

ನನ್ನ ವಿಷಯ ಒಂಬುಡ್ಸ್‌ಮನ್‌ವರೆಗೆ ಹೋಗಲಿಲ್ಲ. ಪ್ರಪೋಸಲ್ ಫಾರಂನಲ್ಲಿ ಸೊನ್ನೆಯೇ ಇತ್ತು. ಅದರ ಪ್ರತಿ ಗ್ರೀವನ್ಸ್ ಆಫೀಸರ್‌ಗೆ ಹೋದ ವಾರದಲ್ಲಿ ಎಂಡಾರ್ಸ್‌ಮೆಂಟ್ ಬಂತು, ಲೆಕ್ಕ ತಿದ್ದಿದ ಮೇಲೆ 32,500 ಗ್ಯಾರೇಜಿಗೆ ಜಮೆಯಾಯಿತು. ಮುಂದಿನ ವರ್ಷದ ಪಾಲಿಸಿ ಮೇಲ್‌ನಲ್ಲಿ ಬಂದ ದಿನವೇ ತೆರೆದು, ಮಗಳ ಕೈಗೆ ಆರ್‌ಸಿ ಕೊಟ್ಟು ಓದಿಸಿದೆ. ಚಾಸಿಸ್ ನಂಬರ್ ಸರಿಯಾಗಿತ್ತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು.